ಬಾಣಂತಿಗೆ ಮೋರಿ ಮೀನು ಕೊಡಬಹುದಾ? ಅಡುಗೆಮನೆಯಲ್ಲಿ ನಿಲ್ಲಲು ಆಗುತ್ತಿಲ್ಲ, ಗೊತ್ತಿದ್ದವರು ಬೇಗ ಹೇಳಿ

ಹೊಯ್ಸಳ ಹುಡುಗ (ಹಾಸನ), ಭಾನುವಾರ ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ನಗಬೇಡಿ.

ಅಕ್ಕ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಮಗುವಿಗೆ ಇವತ್ತಿಗೆ 23 ದಿನ. ಭಾವನ ಊರು ಕಾರವಾರದ ಹತ್ತಿರ. ನಿನ್ನೆ ರಾತ್ರಿ ಅಕ್ಕನ ಅತ್ತೆ ಫೋನ್ ಮಾಡಿ "ಹಾಲು ಸಾಲುತ್ತಿಲ್ಲ ಅಂದರೆ ಮೋರಿ ತಂದು ಕೊಡಿ, ಮರಿ ಮೋರಿ ಸಿಕ್ಕರೆ ಇನ್ನೂ ಒಳ್ಳೆಯದು" ಅಂದರು. ಫೋನ್ ಸ್ಪೀಕರಿನಲ್ಲಿತ್ತು. ಅಮ್ಮನ ಮುಖ ನೋಡಬೇಕಿತ್ತು. "ನನ್ನ ಮಗಳಿಗೆ ಮೋರಿ ನೀರಿನ ಮೀನು ತಿನ್ನಿಸಬೇಕಂತಾ ಇವರಿಗೆ?" ಅಂತ ಫೋನ್ ಇಟ್ಟ ಮೇಲೆ ಅರ್ಧ ಗಂಟೆ ಬೈದರು. ಆಮೇಲೆ ಭಾವ ಮೆಸೇಜ್ ಹಾಕಿದರು. ಕೊಂಕಣಿಯಲ್ಲಿ ಮೋರಿ ಅಂದರೆ ಶಾರ್ಕ್ ಅಂತೆ.

ಬೀಗರ ಮಾತು, ತೆಗೆದುಹಾಕಲು ಆಗುವುದಿಲ್ಲ. ಬೆಳಿಗ್ಗೆ ಹೋಗಿ ಮೂರು ತಂದೆ. ಒಂದೊಂದೂ ಮೊಳದುದ್ದ ಇದೆ, ಬೂದು ಬಣ್ಣ. ಅಂಗಡಿಯವನು "ಮರಿ ಶಾರ್ಕ್ ಸಾರ್, ನಿನ್ನೆ ರಾತ್ರಿ ಮಂಗಳೂರಿಂದ ಬಂದದ್ದು" ಅಂದ. ಭಾನುವಾರ ರಶ್ ಜಾಸ್ತಿ ಅಂತ ಕ್ಲೀನ್ ಮಾಡಿಸದೆ ಹಾಗೇ ತಂದುಬಿಟ್ಟೆ. ಈಗ ಕವರ್ ಬಿಚ್ಚಿದರೆ ಬಸ್ ಸ್ಟ್ಯಾಂಡಿನ ಶೌಚಾಲಯದ ವಾಸನೆ! ಕೆಟ್ಟಿದೆಯಾ? ಇದು ನಿಜವಾಗಿ ಶಾರ್ಕಾ? ಬಾಣಂತಿಗೆ ಕೊಡಬಹುದಾ? ಇದನ್ನು ತಂದದ್ದಕ್ಕೆ ಪೊಲೀಸರು ಬರುವುದಿಲ್ಲ ತಾನೆ?

ಅರಸೀಕೆರೆ ತೆಂಗು, 10:46

ನಾವು ಸಸ್ಯಾಹಾರಿ. ಸುಮ್ನೆ ಓದಲು ಬಂದೆ. ಮುಂದುವರಿಸಿ.

ಚಿಕ್ಕಮಗಳೂರು ಚಳಿ, 10:51

ಶಾರ್ಕ್ ಹಿಡಿಯುವುದೇ ಅಪರಾಧ ಮಾರಾಯ್ರೆ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೆ. ಫೋಟೋ ಹಾಕಬೇಡಿ, ಸುಮ್ನೆ ತಲೆನೋವು.

ಮಲ್ಪೆ ಟು ಮೂಡಿಗೆರೆ, 10:58

ಚಳಿ ಅವರೇ, ಅರ್ಧ ಗೊತ್ತಿದ್ದು ಹೆದರಿಸಬೇಡಿ. ಆ ಪಟ್ಟಿಯಲ್ಲಿ ಎಲ್ಲ ಶಾರ್ಕ್ ಇಲ್ಲ. 2001ರಲ್ಲಿ ತಿಮಿಂಗಿಲ ಶಾರ್ಕ್, ಗಂಗಾ ಶಾರ್ಕ್, ಪಾಂಡಿಚೇರಿ ಶಾರ್ಕ್, ಗರಗಸ ಮೀನು, ಹೀಗೆ ಕೆಲವನ್ನು ಸೇರಿಸಿದರು. ಮೊದಲು ಎಲ್ಲ ಶಾರ್ಕ್, ತೊರಕೆ ಅನ್ನುವ ಚಪ್ಪಟೆ ಮೀನುಗಳನ್ನೂ ಸೇರಿಸಿದ್ದರು. ಮೀನುಗಾರರು ಗಲಾಟೆ ಮಾಡಿದ ಮೇಲೆ ಅದೇ ವರ್ಷದ ಕೊನೆಗೆ ಹತ್ತಕ್ಕೆ ಇಳಿಸಿದರು. 2022ರ ತಿದ್ದುಪಡಿಯಲ್ಲಿ ಇನ್ನಷ್ಟು ಸೇರಿವೆ. ಆದರೆ ಸಂತೆಗೆ ಬರುವ ಈ ಮೊಳದುದ್ದದ ಸಣ್ಣ ಜಾತಿ ಹುಲಿಯ ಪಟ್ಟಿಯಲ್ಲಿಲ್ಲ. ರೆಕ್ಕೆ ರಫ್ತು ಮಾತ್ರ 2015ರಿಂದ ಪೂರ್ತಿ ಬಂದ್.

ಹುಡುಗಾ, ಫೋಟೋ ಹಾಕು. ಮೇಲಿಂದ ಒಂದು, ತಲೆಯದ್ದು ಹತ್ತಿರದಿಂದ ಒಂದು. ನಮ್ಮ ತುಳುವಿನಲ್ಲಿ ಇದಕ್ಕೆ ತಾಟೆ ಅನ್ನುತ್ತೇವೆ. ಮೋರಿಯೂ ಅದೇ, ತಮಿಳರ ಸುರಾನೂ ಅದೇ.

ಅರೇಹಳ್ಳಿ ಅಕ್ಕ, 11:02

ವಾಸನೆಗೆ ಹೆದರಬೇಡಪ್ಪ. ಮೊದಲು ಹೊಟ್ಟೆ ಸೀಳಿ ಒಳಗಿನದ್ದೆಲ್ಲ ತೆಗೆದುಬಿಡು, ರಕ್ತ ಹೋಗುವಷ್ಟು ತೊಳಿ. ಎಷ್ಟು ಹೊತ್ತು ಒಳಗೆ ಇಡುತ್ತೀಯೋ ಅಷ್ಟು ನಾತ. ಆಮೇಲೆ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಚಾಕುವಿನಿಂದ ಕೆರೆದರೆ ಮೇಲಿನ ಮರಳು ಚರ್ಮ ಬರುತ್ತದೆ. ತುಂಡು ಮಾಡಿ ಉಪ್ಪು, ಅರಿಸಿನ, ಹುಣಸೆ ನೀರಿನಲ್ಲಿ ಅರ್ಧ ಗಂಟೆ ಬಿಡು. ಎರಡು ಸಲ ನೀರು ಬದಲಾಯಿಸು. ನಾವು ಹುಣಸೆ ಬದಲು ಉಪ್ಪಾಗೆ ಹುಳಿ ಹಾಕುತ್ತೇವೆ, ನಮ್ಮ ಕಾಡಿನಲ್ಲೇ ಸಿಗುತ್ತದೆ.

ಇಷ್ಟಾದ ಮೇಲೂ ಕಣ್ಣಲ್ಲಿ ನೀರು ಬರುವ ಹಾಗೆ ಇದ್ದರೆ ಮುಲಾಜಿಲ್ಲದೆ ತಿಪ್ಪೆಗೆ ಹಾಕು. ಬಾಣಂತಿ ಮನೆ, ರಿಸ್ಕ್ ಬೇಡ.

ಕಾಫಿ ಕಣ (ಸಕಲೇಶಪುರ), 11:05

ನನಗೊಂದು ಡೌಟು. ಬಂಗುಡೆ, ಬೂತಾಯಿ ಕೆಟ್ಟರೆ ಕೊಳೆತ ವಾಸನೆ. ಇದೊಂದಕ್ಕೆ ಮಾತ್ರ ಯಾಕೆ ಮೂತ್ರದ ವಾಸನೆ?

ರಿಟೈರ್ಡ್ ಮೇಷ್ಟ್ರು (ಚಿಕ್ಕಮಗಳೂರು), 11:17

ಯಾಕೆಂದರೆ ಅದು ನಿಜವಾಗಿ ಅದೇ.

ಸಮುದ್ರದ ಉಪ್ಪು ನೀರು ಮೀನಿನ ಮೈಯಿಂದ ನೀರನ್ನು ಹೊರಗೆ ಎಳೆಯುತ್ತದೆ. ಬಂಗುಡೆಯಂಥ ಮೀನುಗಳು ನೀರು ಕುಡಿದು, ಉಪ್ಪನ್ನು ಹೊರಹಾಕಿ ಹೇಗೋ ಸಂಭಾಳಿಸುತ್ತವೆ. ಶಾರ್ಕ್ ಜಾತಿಯದ್ದು ಬೇರೆ ಉಪಾಯ. ನಾವು ಮೂತ್ರದಲ್ಲಿ ಬಿಡುವ ಯೂರಿಯಾವನ್ನು ಅದು ರಕ್ತ ಮತ್ತು ಮಾಂಸದಲ್ಲೇ ಉಳಿಸಿಕೊಳ್ಳುತ್ತದೆ. ಆಗ ಒಳಗೂ ಹೊರಗೂ ತೂಕ ಸರಿಯಾಗುತ್ತದೆ, ನೀರು ಹೊರಗೆ ಹೋಗುವುದಿಲ್ಲ. ಸತ್ತ ಮೇಲೆ ಬ್ಯಾಕ್ಟೀರಿಯಾ ಆ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಹಾಗಾಗಿ ಸ್ವಲ್ಪ ವಾಸನೆ ಬಂತು ಅಂದ ಮಾತ್ರಕ್ಕೆ ಮೀನು ಪೂರ್ತಿ ಕೊಳೆತಿದೆ ಅಂತಲ್ಲ. ಆದರೆ ಹಿಡಿದು ಹೊತ್ತಾಗಿದೆ, ಐಸ್ ಸರಿಯಾಗಿ ಸಿಕ್ಕಿಲ್ಲ ಅಂತ ಖಂಡಿತ. ಅಕ್ಕ ಹೇಳಿದ ಹುಳಿ ನೀರಿನ ಉಪಾಯ ಸರಿ. ಹುಳಿ ಅಮೋನಿಯಾವನ್ನು ಕಟ್ಟಿಹಾಕುತ್ತದೆ.

ಕಾಫಿ ಕಣ, 11:20

ಮೂವತ್ತು ವರ್ಷದಿಂದ ತಿನ್ನುತ್ತಿದ್ದೇನೆ. ಇವತ್ತು ಯಾಕಾದರೂ ಕೇಳಿದೆನೋ.

ಹೊಯ್ಸಳ ಹುಡುಗ, 11:24

ಫೋಟೋ ಹಾಕಿದ್ದೇನೆ ನೋಡಿ. ಬಾಲದಿಂದ ತಲೆ ಕಡೆಗೆ ಕೈ ಆಡಿಸಿದರೆ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತದೆ. ತಲೆಯಿಂದ ಬಾಲಕ್ಕೆ ನುಣುಪು.

ಮಲ್ಪೆ ಟು ಮೂಡಿಗೆರೆ, 11:31

ಶಾರ್ಕೇ. ಮೂತಿ ನೋಡಿ, ಗಾರೆ ಕೆಲಸದವರ ಕರಣೆ ಇದ್ದ ಹಾಗೆ ಚಪ್ಪಟೆ. ಮೇಲಿನ ರೆಕ್ಕೆ ಬೆನ್ನಿನ ಹಿಂದಕ್ಕೆ ಸರಿದಿದೆ. ದಡದ ಹತ್ತಿರ, ಅಳಿವೆಯ ಬಾಯಲ್ಲಿ, ಕೆಸರು ನೆಲದ ಮೇಲೆ ಇರುವ ಜಾತಿ. ಇದನ್ನೇ ಹಿಡಿಯಬೇಕು ಅಂತ ಯಾರೂ ಹೋಗುವುದಿಲ್ಲ. ಸಿಗಡಿಗೆ ಬಲೆ ಎಳೆದರೆ ಜೊತೆಗೆ ಬರುತ್ತದೆ. ನಾನು ಚಿಕ್ಕವನಿದ್ದಾಗ ಅಪ್ಪನ ಬೋಟಿನಲ್ಲಿ ಬುಟ್ಟಿಗಟ್ಟಲೆ ನೋಡಿದ್ದೇನೆ. ಈಗ ಊರಿಗೆ ಹೋದಾಗ ನೋಡಿದರೆ ಅಷ್ಟು ಕಾಣುವುದಿಲ್ಲ.

ಇನ್ನೊಂದು ಇದೆ, ಹಾಲು ಶಾರ್ಕ್. ಅದರ ಕಣ್ಣು ದೊಡ್ಡದು, ಬಾಯಿಯ ಮೂಲೆಯಲ್ಲಿ ಉದ್ದ ಗೀರು ಇರುತ್ತದೆ. ಇದು ಅದಲ್ಲ.

ಹೊಯ್ಸಳ ಹುಡುಗ, 11:33

ಹಾಲು ಶಾರ್ಕ್? ಹಾಗಾದರೆ ಅತ್ತೆ ಹೇಳಿದ್ದು ಅದನ್ನೇ ಇರಬೇಕು! ತಪ್ಪು ಮೀನು ತಂದೆನಾ?

ರಿಟೈರ್ಡ್ ಮೇಷ್ಟ್ರು, 11:40

ಹೆಸರು ನೋಡಿ ಮೋಸಹೋಗಬೇಡಿ. ಅದರಲ್ಲಿ ಹಾಲು ಇಲ್ಲ. ಅದನ್ನು ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಅಂತ ನಮ್ಮ ದೇಶದ ಕರಾವಳಿಯಲ್ಲಿ ನಂಬಿಕೆ ಇತ್ತಲ್ಲ, ಇಂಗ್ಲಿಷಿನ ಹೆಸರು ಬಂದದ್ದೇ ಅದರಿಂದ. ಅಂದರೆ ನಿಮ್ಮ ಬೀಗಿತ್ತಿಯಂಥವರ ಮಾತೇ ಮೀನಿಗೆ ಹೆಸರಾಗಿ ಕೂತಿದೆ.

ಸಿಸ್ಟರ್ ನೈಟ್ ಡ್ಯೂಟಿ (ಹಾಸನ), 11:52

ರಾತ್ರಿ ಪಾಳಿ ಮುಗಿಸಿ ಮಲಗುವ ಮೊದಲು ನೋಡಿದೆ, ಹೇಳದೆ ಇರಲು ಆಗಲಿಲ್ಲ.

ಹಾಲು ಹೆಚ್ಚುವುದು ಮಗು ಚೀಪಿದಷ್ಟೂ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಎದೆಗೆ ಹಾಕಬೇಕು. ಮಗು ಎದೆಯನ್ನು ಬಾಯಲ್ಲಿ ಸರಿಯಾಗಿ ಹಿಡಿದಿದೆಯಾ ನೋಡಬೇಕು. ತಾಯಿಗೆ ಊಟ, ನೀರು, ನಿದ್ದೆ ಬೇಕು. "ಹಾಲು ಸಾಲುತ್ತಿಲ್ಲ" ಅಂತ ಯಾರು ಹೇಳಿದರು? ಮಗು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಮಾಡುತ್ತಿದೆಯಾ, ತೂಕ ಏರುತ್ತಿದೆಯಾ? ಹಾಗಿದ್ದರೆ ಸಾಲುತ್ತಿದೆ. ಇಲ್ಲದಿದ್ದರೆ ಮೀನಂಗಡಿಗೆ ಅಲ್ಲ, ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಮಾತು. ಶಾರ್ಕ್ ಮಾಂಸದಲ್ಲಿ ಪಾದರಸ ಸೇರಿಕೊಳ್ಳುತ್ತದೆ. ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಬಸುರಿಯರು, ಹಾಲೂಡಿಸುವ ತಾಯಂದಿರು ತಿನ್ನಬಾರದ ಮೀನುಗಳ ಪಟ್ಟಿಯಲ್ಲಿ ಶಾರ್ಕನ್ನು ಹಾಕಿದೆ. ನಾವು ಹಾಲು ಬರಲಿ ಅಂತ ಕೊಡುವುದು, ಅವರು ಹಾಲು ಕೊಡುವವರು ತಿನ್ನಬೇಡಿ ಅನ್ನುವುದು. ನೀವೇ ಯೋಚಿಸಿ.

ಅರೇಹಳ್ಳಿ ಅಕ್ಕ, 11:58

ಸಿಸ್ಟರ್, ಕಾರವಾರದ ಅಜ್ಜಿಯರು ತಲೆಮಾರಿನಿಂದ ತಿಂದಿದ್ದಾರಲ್ಲ. ಅವರ ಮಕ್ಕಳೆಲ್ಲ ಚೆನ್ನಾಗಿಯೇ ಇದ್ದಾರೆ.

ಸಿಸ್ಟರ್ ನೈಟ್ ಡ್ಯೂಟಿ, 12:03

ಇದ್ದಾರೆ ಅಕ್ಕ. ಒಂದು ತುಂಡು ತಿಂದರೆ ವಿಷ ಅಂತ ನಾನು ಹೇಳಲಿಲ್ಲ. ಸಣ್ಣ ಮೀನಿನಲ್ಲಿ ಪಾದರಸ ಕಡಿಮೆ, ವರ್ಷಗಟ್ಟಲೆ ಬದುಕಿ ಬೇರೆ ಮೀನು ತಿಂದು ಬೆಳೆದ ದೊಡ್ಡದರಲ್ಲಿ ಜಾಸ್ತಿ. ಆದರೂ ಬೂತಾಯಿ ಇದೆ, ಬಂಗುಡೆ ಇದೆ, ನಾಟಿ ಕೋಳಿ ಇದೆ. ಇದೇ ಯಾಕೆ ಬೇಕು? ಅಮೋನಿಯಾ ಹೊಡೆಯುವ ಮೀನು ಬಾಣಂತಿ ಹೊಟ್ಟೆಗೆ ಯಾಕೆ?

ಗೊರೂರು ಗಾಳ, 12:10

ಶಾರ್ಕ್ ಅಂದ ಮೇಲೆ ನೆನಪಾಯಿತು. ಹೇಮಾವತಿ ಹಿನ್ನೀರಿನಲ್ಲಿ ನಮ್ಮ ಮಾವ ಶಾರ್ಕ್ ಹಿಡಿದಿದ್ದಾರೆ. ಎಂಟು ಕೆಜಿ. ಬಾಯಿ ತುಂಬ ಹಲ್ಲು. ಸುಳ್ಳಲ್ಲ, ಫೋಟೋ ಇದೆ.

ಕಾಫಿ ಕಣ, 12:12

ಅದಕ್ಕೆ ಮೀಸೆ ಇತ್ತಾ?

ಗೊರೂರು ಗಾಳ, 12:13

ಇತ್ತು.

ಕಾಫಿ ಕಣ, 12:14

ಬಾಳೆ ಮೀನು ಕಣಯ್ಯಾ ಅದು! ಸಿಹಿನೀರಿನ ಶಾರ್ಕ್ ಅಂತ ಕರೆಯುತ್ತಾರೆ ಅಷ್ಟೇ. ಶಾರ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಗೊರೂರು ಗಾಳ, 12:16

ಮಾವನಿಗೆ ಹೇಳುವುದಿಲ್ಲ. ಹತ್ತು ವರ್ಷದಿಂದ ಈ ಕತೆಯ ಮೇಲೆ ಬದುಕಿದ್ದಾರೆ.

ಚಿಕ್ಕಮಗಳೂರು ಚಳಿ, 12:20

ಅಕ್ವೇರಿಯಂ ಅಂಗಡಿಯಲ್ಲಿ ಶಾರ್ಕ್ ಅಂತ ಮಾರುವ ಬೆಳ್ಳಿ ಬಣ್ಣದ ಮೀನೂ ಹಾಗೇನಾ? ಎರಡು ತಂದಿದ್ದೆ. ಈಗ ಟ್ಯಾಂಕ್ ಸಾಲುತ್ತಿಲ್ಲ.

ಮಲ್ಪೆ ಟು ಮೂಡಿಗೆರೆ, 12:24

ಅದು ಪಂಗಾಸಿಯಸ್ ಇರಬೇಕು. ಅದೂ ಮೀಸೆಯ ಮೀನಿನ ಜಾತಿಯೇ. ಹೋಟೆಲಿನಲ್ಲಿ ಮುಳ್ಳಿಲ್ಲದ ಫಿಶ್ ಫ್ರೈ ಅಂತ ತಿನ್ನುತ್ತೀರಲ್ಲ, ಹೆಚ್ಚಿನ ಸಲ ಅದೇ.

ಚಿಕ್ಕಮಗಳೂರು ಚಳಿ, 12:25

ಛೇ. ಹೆಸರೆಲ್ಲ ಇಟ್ಟಿದ್ದೇನೆ ಅವಕ್ಕೆ.

ಹೊಯ್ಸಳ ಹುಡುಗ, 12:41

ಎಲ್ಲರೂ ಒಂದು ನಿಮಿಷ ಇಲ್ಲಿ ನೋಡಿ. ಅರೇಹಳ್ಳಿ ಅಕ್ಕ ಹೇಳಿದ ಹಾಗೆ ಹೊಟ್ಟೆ ಸೀಳಿದೆ. ಮೊದಲಿನ ಎರಡು ಸರಿ ಇದ್ದವು. ಮೂರನೆಯದರಲ್ಲಿ ಮರಿಗಳಿವೆ. ಮೊಟ್ಟೆಯಲ್ಲ, ಮರಿಗಳು! ಏಳು. ಒಂದೊಂದೂ ಬೆರಳುದ್ದ. ಕಣ್ಣು, ರೆಕ್ಕೆ, ಬಾಲ ಎಲ್ಲ ಇದೆ. ಪ್ರತಿಯೊಂದರ ಎದೆಯ ಹತ್ತಿರದಿಂದ ದಾರದ ಹಾಗೆ ಏನೋ ತಾಯಿಯ ಒಳಗೆ ಅಂಟಿಕೊಂಡಿದೆ. ಫೋಟೋ ಹಾಕಿದ್ದೇನೆ. ಮನಸ್ಸು ಗಟ್ಟಿ ಇದ್ದವರು ಮಾತ್ರ ನೋಡಿ.

"ಮರಿ ಶಾರ್ಕ್" ಅಂದನಲ್ಲ ಅವನು? ಮರಿಗೆ ಮರಿ ಹೇಗೆ?

ಅರಸೀಕೆರೆ ತೆಂಗು, 12:43

ನಾನು ಹೊರಟೆ.

ರಿಟೈರ್ಡ್ ಮೇಷ್ಟ್ರು, 13:05

ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದೆ. ನೀವು ದಾರ ಅಂದದ್ದು ಹೊಕ್ಕುಳ ಬಳ್ಳಿ.

ಇದರ ಹೆಸರು ಸ್ಕೋಲಿಯೋಡಾನ್. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆಲ್ಲ ನೆನಪಿರಬೇಕು, ಮೃದ್ವಸ್ಥಿ ಮೀನಿಗೆ ಉದಾಹರಣೆ ಅಂತ ಬಾಯಿಪಾಠ ಮಾಡಿ ಬರೆಯುತ್ತಿದ್ದಿರಿ. ಬಿಎಸ್ಸಿಯಲ್ಲಿ ನಾನು ಇದನ್ನು ಎಷ್ಟು ವರ್ಷ ಕೊಯ್ಯಿಸಿದ್ದೇನೋ ಲೆಕ್ಕವಿಲ್ಲ. ಕರಾವಳಿಯಿಂದ ಫಾರ್ಮಲಿನ್ ಡಬ್ಬದಲ್ಲಿ ಬರುತ್ತಿತ್ತು. ತಲೆಯ ನರಗಳನ್ನು ಕತ್ತರಿಸದೆ ಬಿಡಿಸಿ ತೋರಿಸುವುದು ಪರೀಕ್ಷೆ. ಕಾಫಿ ಬೆಟ್ಟದ ಮಕ್ಕಳು, ಸಮುದ್ರವನ್ನೇ ನೋಡದವರು, ಅದರ ಹತ್ತನೇ ನರ ಎಲ್ಲಿ ಕವಲೊಡೆಯುತ್ತದೆ ಅಂತ ಹೇಳುತ್ತಿದ್ದರು. 2014ರಲ್ಲಿ ಯುಜಿಸಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ, ಕೆಲವು ಗೆಳೆಯರು ಒಪ್ಪುವುದಿಲ್ಲ.

ಈಗ ಮರಿಯ ಮಾತು. ಇದು ಮೊಳದುದ್ದ ಇದ್ದರೆ ಪೂರ್ತಿ ಬೆಳೆದ ಮೀನು. ಸುಮಾರು 35 ಸೆಂಟಿಮೀಟರಿಗೇ ಪ್ರಾಯಕ್ಕೆ ಬರುತ್ತದೆ, 70ರ ಆಸುಪಾಸು ದಾಟುವುದು ಅಪರೂಪ. ಮರಿ ಹುಟ್ಟುವಾಗ 12ರಿಂದ 15 ಸೆಂಟಿಮೀಟರ್. ನಿಮ್ಮ ಅಂಗಡಿಯವನಿಗೆ ಶಾರ್ಕ್ ಅಂದರೆ ಸಿನಿಮಾದ ಶಾರ್ಕ್, ಹಾಗಾಗಿ ಇದು ಮರಿ. ಅದರ ಲೋಕದಲ್ಲಿ ಅವಳು ಹೆಂಗಸು.

ಹೆಚ್ಚಿನ ಶಾರ್ಕುಗಳ ಮೊಟ್ಟೆಯಲ್ಲಿ ದಪ್ಪ ಹಳದಿ ಇರುತ್ತದೆ, ಮರಿ ಅದನ್ನು ತಿಂದು ಬೆಳೆಯುತ್ತದೆ. ಇದರ ಮೊಟ್ಟೆ ಗಸಗಸೆ ಕಾಳಿನಷ್ಟು, ಒಂದು ಮಿಲಿಮೀಟರ್. ಶಾರ್ಕುಗಳಲ್ಲೇ ಇಷ್ಟು ಸಣ್ಣದು ಬೇರೆ ಇಲ್ಲ. ಬುತ್ತಿಯೇ ಇಲ್ಲದ ಮೇಲೆ ತಾಯಿಯೇ ಉಣ್ಣಿಸಬೇಕಲ್ಲ? ಅದಕ್ಕೇ ಗರ್ಭದಲ್ಲಿ ಮಾಸು, ಹೊಕ್ಕುಳ ಬಳ್ಳಿ, ಐದಾರು ತಿಂಗಳ ಬಸುರು. ಮೀನುಗಳಲ್ಲಿ ಇಷ್ಟು ಮುಂದುವರಿದ ಮಾಸು ಇರುವುದು ಇದಕ್ಕೇ ಅನ್ನುತ್ತಾರೆ.

ಸಿಸ್ಟರ್ ನೈಟ್ ಡ್ಯೂಟಿ, 13:09

ನಿದ್ದೆ ಹೋಯಿತು. ಹೆರಿಗೆ ವಾರ್ಡಿನಲ್ಲಿ ಹನ್ನೆರಡು ವರ್ಷ ಆಯಿತು ನನಗೆ. ಮೀನಿಗೆ ಮಾಸು ಇರುತ್ತದೆ ಅಂತ ಇವತ್ತೇ ಗೊತ್ತಾದದ್ದು.

ಚಿಕ್ಕಮಗಳೂರು ಚಳಿ, 13:12

ಮೇಷ್ಟ್ರೇ, ಶಾರ್ಕ್ ಮೊಟ್ಟೆ ಇಡುತ್ತದೆ. ಮಲ್ಪೆ ಬೀಚಿನಲ್ಲಿ ಚರ್ಮದ ಪರ್ಸಿನ ಹಾಗೆ ಇರುವ ಖಾಲಿ ಮೊಟ್ಟೆಕವಚ ನನ್ನ ಮಗಳು ಹೆಕ್ಕಿದ್ದಾಳೆ. ಶೋಕೇಸಿನಲ್ಲಿದೆ.

ರಿಟೈರ್ಡ್ ಮೇಷ್ಟ್ರು, 13:15

ಅದೂ ನಿಜ. ಬಿದಿರು ಶಾರ್ಕ್ ಅಂತ ಇದೆ, ಅದು ಅಂಥ ಮೊಟ್ಟೆಯಿಡುತ್ತದೆ. ತೊರಕೆಯ ಸಂಬಂಧಿಗಳಲ್ಲಿ ಕೆಲವೂ ಇಡುತ್ತವೆ. ಶಾರ್ಕುಗಳಲ್ಲಿ ಎಲ್ಲ ಬಗೆಯೂ ಇದೆ, ಒಂದೇ ಪದ್ಧತಿ ಇಲ್ಲ.

ಮಲ್ಪೆ ಟು ಮೂಡಿಗೆರೆ, 13:21

ಬಿದಿರು ಶಾರ್ಕ್ ಗಟ್ಟಿ ಜೀವ. ಬಲೆಯಿಂದ ಬಿದ್ದು ಎಷ್ಟೋ ಹೊತ್ತಾದ ಮೇಲೂ ಬೋಟಿನ ಹಲಗೆಯ ಮೇಲೆ ಮಿಸುಕಾಡುತ್ತಿರುತ್ತದೆ. ನಮ್ಮ ಅಪ್ಪ ಅದನ್ನು ವಾಪಸ್ ನೀರಿಗೆ ಎಸೆಯುತ್ತಿದ್ದರು. ದಯೆಯಿಂದ ಅಲ್ಲ, ರೇಟ್ ಇರಲಿಲ್ಲ.

ಮರಿ ವಿಷಯದಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ. ಇದು ಬೇಗ ಬೆಳೆದು ಬೇಗ ಮರಿ ಹಾಕುವ ಜಾತಿ, ಹೇಗೋ ತಡೆದುಕೊಂಡಿದೆ. ಆದರೆ ಇದೇ ಬುಟ್ಟಿಯಲ್ಲಿ ಸುತ್ತಿಗೆ ತಲೆಯ ಶಾರ್ಕ್ ಬರುತ್ತದೆ. ಅದು ಹುಟ್ಟುವಾಗಲೇ ಮೊಳದುದ್ದ. ಅದು ನಿಜವಾದ ಹಸುಗೂಸು, ಪ್ರಾಯಕ್ಕೆ ಬರಲು ವರ್ಷಗಟ್ಟಲೆ ಬೇಕು, ಪ್ರಪಂಚದಲ್ಲೇ ಕಡಿಮೆಯಾಗುತ್ತಿದೆ. ಎರಡನ್ನೂ "ಮರಿ ಶಾರ್ಕ್" ಅಂತ ಒಂದೇ ರೇಟಿಗೆ ತೂಗುತ್ತಾರೆ. ತಲೆ ಸುತ್ತಿಗೆಯ ಹಾಗೆ ಅಗಲ ಇದ್ದರೆ ಕೊಳ್ಳಬೇಡಿ ಮಾರಾಯ್ರೆ. ತಲೆ ಕಡಿದು ಮಾರುತ್ತಿದ್ದರೂ ಅನುಮಾನ ಇರಲಿ.

ಕಾಫಿ ಕಣ, 13:27

ತಲೆ ಕಡಿದದ್ದು ಅಂದ ಕೂಡಲೇ ನನ್ನದೂ ಒಂದು. ಹೋದ ವರ್ಷ ಒಂದು ಕಡೆ ಅಂಜಲ್ ಅಂತ ಸ್ಲೈಸ್ ಕೊಟ್ಟರು, ಅಂಜಲ್ ರೇಟೇ ತೆಗೆದುಕೊಂಡರು. ಮನೆಗೆ ಬಂದು ಹುರಿದರೆ ನಡುವೆ ಮೂಳೆಯೇ ಇಲ್ಲ. ಮೆದು ಬಿಲ್ಲೆ, ಹಲ್ಲಿನಲ್ಲಿ ಕರುಂ ಕರುಂ ಅನ್ನುತ್ತಿತ್ತು. ಮಕ್ಕಳು ಮುಳ್ಳಿಲ್ಲ ಅಂತ ಖುಷಿಯಾಗಿ ತಿಂದವು. ನಾನು ಮಾತ್ರ ದುಡ್ಡು ಲೆಕ್ಕ ಹಾಕುತ್ತಾ ಕೂತಿದ್ದೆ.

ಅರೇಹಳ್ಳಿ ಅಕ್ಕ, 13:30

ಸ್ಲೈಸಿನ ಚರ್ಮ ಮುಟ್ಟಿ ನೋಡಬೇಕು. ಅಂಜಲ್ ನುಣುಪು, ಶಾರ್ಕ್ ಒರಟು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ದೊಡ್ಡ ಬೋಟ್ ನಿಂತಿರುತ್ತವಲ್ಲ, ಆಗ ಇನ್ನೂ ಹುಷಾರಾಗಿರಬೇಕು. ನಮ್ಮ ಕಡೆ ಆ ಎರಡು ತಿಂಗಳು ಒಣ ಮೀನೇ. ಸಂತೆಯಲ್ಲಿ ಒಣ ಶಾರ್ಕ್ ತುಂಡು ಸಿಗುತ್ತದೆ, ಕೆಂಡದ ಮೇಲೆ ಸುಟ್ಟು ಜಜ್ಜಿ ಚಟ್ನಿ ಮಾಡಿದರೆ ಹೊರಗೆ ಮಳೆ ಎಷ್ಟು ಹೊಡೆದರೂ ಚಿಂತೆಯಿಲ್ಲ. ಅದು ಇರಲಿ, ಹುಡುಗಾ, ಆ ಮೀನು ಏನು ಮಾಡಿದೆ? ಸುದ್ದಿಯೇ ಇಲ್ಲ.

ಅಡ್ಮಿನ್, 13:34

ಹೊಟ್ಟೆ ಸೀಳಿದ ಫೋಟೋಗೆ ಮೂರು ದೂರು ಬಂದಿವೆ. ತೆಗೆಯುವುದಿಲ್ಲ, ಮಸುಕು ಮಾಡಿದ್ದೇನೆ. ಬೇಕಾದವರು ಒತ್ತಿ ನೋಡಬಹುದು.

ಹೊಯ್ಸಳ ಹುಡುಗ, 15:50

ಕ್ಷಮಿಸಿ, ಮನೆಯಲ್ಲಿ ದೊಡ್ಡ ಸೀನ್ ಆಯಿತು.

ಅಮ್ಮ ಹಿತ್ತಲಿಗೆ ಬಂದು ಮರಿಗಳನ್ನು ನೋಡಿದರು. ಬಳ್ಳಿ ನೋಡಿದರು. ಒಂದೂ ಮಾತಾಡಲಿಲ್ಲ. ಬೆಳಿಗ್ಗೆಯಿಂದ ಬೈಯುತ್ತಿದ್ದವರು ಸುಮ್ಮನಾದದ್ದು ನೋಡಿ ನನಗೇ ಹೆದರಿಕೆಯಾಯಿತು. ಆಮೇಲೆ ಗುದ್ದಲಿ ತರಲು ಹೇಳಿದರು. ಆ ಮೀನು, ಏಳು ಮರಿ, ಎಲ್ಲವನ್ನೂ ಕರಿಬೇವಿನ ಗಿಡದ ಬುಡದಲ್ಲಿ ಹೂತೆವು. ಇಪ್ಪತ್ತಮೂರು ದಿನದ ಕೂಸು ಒಳಗೆ ಮಲಗಿರುವಾಗ ಇಂಥದ್ದು ಬೇಯಿಸಬಾರದು ಅಂದರು.

ಉಳಿದ ಎರಡನ್ನು ಅಪ್ಪ ಬಿಡಲಿಲ್ಲ. ದುಡ್ಡು ಕೊಟ್ಟು ತಂದದ್ದು ಅಂತ ಅರೇಹಳ್ಳಿ ಅಕ್ಕನ ವಿಧಾನದಲ್ಲಿ ತೊಳೆದು, ಹಿತ್ತಲಿನ ಒಲೆಯಲ್ಲಿ ಮೆಣಸು, ಬೆಳ್ಳುಳ್ಳಿ ಹಾಕಿ ಅವರೇ ಸಾರು ಮಾಡಿದರು. ನಾತ ಹೋಗಿತ್ತು, ನಿಜವಾಗಿ ಚೆನ್ನಾಗಿತ್ತು. ನಾನು ಎರಡು ಮುದ್ದೆ ಹೊಡೆದೆ. ಅಕ್ಕನಿಗೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಮೆಣಸಿನ ಸಾರು. ಸಿಸ್ಟರ್ ಹೇಳಿದ ಉಚ್ಚೆ ಲೆಕ್ಕವನ್ನೂ ಹಾಕಿದೆವು. ನಿನ್ನೆಯಿಂದ ಎಂಟು ಸಲ. ಹಾಲು ಸಾಕಾಗುತ್ತಿದೆ ಅನ್ನಿಸುತ್ತದೆ.

ಸಿಸ್ಟರ್ ನೈಟ್ ಡ್ಯೂಟಿ, 15:58

ಎಂಟು ಸಲಕ್ಕೆ ಯಾವ ಮೋರಿಯೂ ಬೇಡ. ತೂಕ ಮಾತ್ರ ಒಂದು ಸಲ ನೋಡಿಸಿ. ಈಗ ಮಲಗುತ್ತೇನೆ.

ಕಾಫಿ ಕಣ, 16:01

ಬೀಗರಿಗೆ ಏನಂತ ಹೇಳಿದಿರಿ?

ಹೊಯ್ಸಳ ಹುಡುಗ, 16:09

ಅಮ್ಮನೇ ಫೋನ್ ಮಾಡಿದರು. ನಾನು ಜಗಳ ಆಗುತ್ತದೆ ಅಂದುಕೊಂಡಿದ್ದೆ. ಆ ಕಡೆಯಿಂದ ಅತ್ತೆ, "ಅಯ್ಯೋ, ಹೂತುಬಿಟ್ಟಿರಾ? ಹೊಟ್ಟೆಯಲ್ಲಿ ಮರಿ ಇದ್ದದ್ದೇ ರುಚಿ, ಅದನ್ನೇ ಕೊಡಬೇಕಿತ್ತು" ಅಂದರು. ಅಮ್ಮ ಮತ್ತೆ ಮೌನ. ಕೊನೆಗೆ ಅತ್ತೆಯೇ, ಹಾಸನಕ್ಕೆ ಬರುವ ಹೊತ್ತಿಗೆ ಮೀನು ಹಾಳಾಗಿರುತ್ತದೆ, ನಿಮಗೆ ಆಸೆ ಇಲ್ಲದಿರುವುದು ಸಹಜ ಅಂತ ಸಮಾಧಾನ ಮಾಡಿದರು. ಒಣಗಿಸಿದ ಮೋರಿ ಎರಡು ಕೆಜಿ ನಾಳೆ ರಾತ್ರಿ ಬಸ್ಸಿಗೆ ಹಾಕುತ್ತಾರಂತೆ.

ಮಲ್ಪೆ ಟು ಮೂಡಿಗೆರೆ, 16:12

ಯಾವ ಬಸ್ಸು ಅಂತ ಇಲ್ಲಿ ಹಾಕು. ನಮ್ಮ ಭಾವ ನಾಳೆ ಕಾರವಾರದಿಂದ ಬರುವವನಿದ್ದಾನೆ, ಬೇರೆ ಬಸ್ಸು ನೋಡಿಕೊಳ್ಳಲಿ.

ಅರೇಹಳ್ಳಿ ಅಕ್ಕ, 16:15

ನಿಮ್ಮ ಮನೆಯಲ್ಲಿ ತಿನ್ನದಿದ್ದರೆ ಅರೇಹಳ್ಳಿಗೆ ಕಳಿಸಪ್ಪ. ಬಸ್ ಚಾರ್ಜ್ ನಾನೇ ಕೊಡುತ್ತೇನೆ.